ಒಂದು ದಿನ ಮೊದಲೇ ಕಂಡ ಚಂದ್ರ

ರೋಣದ ಬಸ್‌ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಬುಧವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಇಷ್ರತ ಒಂದು ಜಂಪರಿಗೆ ತೋಳು ಕೂಡಿಸುತ್ತಿದ್ದಳು. ಫೋನು ಹೊಲಿಗೆ ಮಶೀನಿನ ಹಲಗೆಯ ಮೇಲಿತ್ತು. ಆ ಕಡೆಯಿಂದ ಮಾತಾಡುತ್ತಿದ್ದವನು ಅವಳ ಗಂಡ ಅಲ್ತಮಶ. ದುಬೈಯಲ್ಲಿ ಏಳುವ ಕಟ್ಟಡಗಳಿಗೆ ಕಬ್ಬಿಣ ಕಟ್ಟುವುದು ಅವನ ಕೆಲಸ.

“ಬಿಸಲ ಭಾಳ ಅದ. ಇಪ್ಪತ್ತೊಂದು ಮುಗದ್ರ ಇನ್ನ ಎಂಟೋ ಒಂಬತ್ತೋ,” ಅಂದ ಅವನು.

“ಇಪ್ಪತ್ತರೀ. ಇವತ್ತ ಇಪ್ಪತ್ತನೇ ರೋಜಾ. ಬಿಸಲಾಗ ಲೆಕ್ಕ ತಪ್ಪೀರಿ.”

“ನಿಮ್ಮದು ಇಪ್ಪತ್ತು. ನಮ್ಮದು ಇಪ್ಪತ್ತೊಂದು. ಪ್ರತಿ ವರ್ಷ ಹಂಗ ಅಲ್ಲೇನ?”

ಇಷ್ರತ ಪೆಡಲಿನಿಂದ ಕಾಲು ತೆಗೆದಳು. ಮಶೀನು ನಿಂತಿತು. ಇಬ್ಬರಿಗೂ ಒಂದೇ ಗಳಿಗೆಯಲ್ಲಿ ತಿಳಿದಿತ್ತು.

ಮದುವೆಯಾದ ಎಂಟು ವರ್ಷದಲ್ಲಿ ಅಲ್ತಮಶ ದುಬೈಯಿಂದ ಹಬ್ಬದ ಶುಭಾಶಯ ಹೇಳಿದ ದಿನವೆಲ್ಲ ರೋಣದಲ್ಲಿ ಇನ್ನೂ ಉಪವಾಸವೇ ಇರುತ್ತಿತ್ತು. ಅಲ್ಲಿ ಚಂದ್ರ ಒಂದು ದಿನ ಮೊದಲು ಕಾಣುತ್ತಾನೆ. ನಿಮ್ಮ ಊರಾಗ ಚಂದ್ರಗೂ ಓವರ್‌ಟೈಮ್ ಏನ್ರೀ ಎಂದು ಇಷ್ರತ ಕೆಣಕುತ್ತಿದ್ದಳು. ಎಂಟು ವರ್ಷದ ಆ ಚೇಷ್ಟೆ, ಇಷ್ರತ ದುಬೈಗೆ ಹೋಗಿಬರುವ ಟಿಕೆಟು ತೆಗೆಸುವ ದಿನ ಇಬ್ಬರ ತಲೆಗೂ ಬಂದಿರಲಿಲ್ಲ.

ಟಿಕೆಟು ತೆಗೆದದ್ದು ಪ್ರಭುಲಿಂಗಪ್ಪನ ಝೆರಾಕ್ಸ್ ಅಂಗಡಿಯಲ್ಲಿ. ಗೋಡೆಯ ಕ್ಯಾಲೆಂಡರಿನಲ್ಲಿ ರಂಜಾನ್ ಶನಿವಾರ ಎಂದು ಕೆಂಪಗೆ ಅಚ್ಚಾಗಿತ್ತು. ಅಲ್ತಮಶನ ಕಂಪನಿ ಹಬ್ಬಕ್ಕೆ ಮೂರು ದಿನ ರಜೆ ಕೊಡುತ್ತದೆ. ಶನಿವಾರ, ರವಿವಾರ, ಸೋಮವಾರ ಎಂದು ಇಷ್ರತ ಬೆರಳು ಮಡಚಿದ್ದಳು. ಶನಿವಾರ ಮಧ್ಯಾಹ್ನದ ತನಕ ಮನೆಯಲ್ಲಿ ಹಬ್ಬ, ಸಂಜೆ ಹುಬ್ಬಳ್ಳಿಯಿಂದ ರೈಲು, ರವಿವಾರ ಬೆಂಗಳೂರಿನಿಂದ ವಿಮಾನ. ರವಿವಾರ ಮಧ್ಯಾಹ್ನ ಇಳಿದರೆ ಅವತ್ತು ಅರ್ಧ ದಿನ, ಸೋಮವಾರ ಪೂರ್ತಿ ಒಂದು ದಿನ. ಮಂಗಳವಾರ ಬೆಳಿಗ್ಗೆ ವಾಪಸ್. ಅಲ್ಲಿ ಹಬ್ಬ ಶುಕ್ರವಾರವೇ ಬಂದರೆ ರಜೆ ರವಿವಾರಕ್ಕೆ ಮುಗಿದು, ಸೋಮವಾರ ಅವನಿಗೆ ಕೆಲಸ. ಅಲ್ತಮಶ ಇರುವುದು ಎಂಟು ಜನರ ಕೋಣೆಯಲ್ಲಿ. ಗಜೇಂದ್ರಗಡದ ಮಂಜು ಎಂಬ ಡ್ರೈವರ್ ಅಲ್ಲಿ ಹೆಂಡತಿಯೊಂದಿಗೆ ಬೇರೆ ಮನೆ ಮಾಡಿದ್ದ. ರಜೆಯಲ್ಲಿ ಅವರು ಅಬುಧಾಬಿಯ ತಂಗಿಯ ಮನೆಗೆ ಹೋಗುವವರಿದ್ದು, ಕೀಲಿ ಕೊಡುತ್ತೇನೆಂದು ಹೇಳಿದ್ದರು.

ಉಳಿದದ್ದನ್ನು ಇಷ್ರತ ಅಳತೆಯ ವಹಿಯಲ್ಲಿ ಬರೆದಿದ್ದಳು. ಎದೆ ಮೂವತ್ತಾರು, ತೋಳು ಹತ್ತು ಎಂಬ ಸಾಲುಗಳ ಕೆಳಗೆ: ರವಿವಾರ ಸಂಜೆ ದೋಣಿ. ಸೋಮವಾರ ಬೆಳಿಗ್ಗೆ ಸಮುದ್ರ. ಸಂಜೆ ಊರ ಹೊರಗೆ, ಮರಳು, ಒಂಟೆ.

ಒಂಟೆ ನೋಡಬೇಕೆಂದವಳು ಮಗಳು ಮಿಸ್ಬಾ. ಅಪ್ಪ ಫೋನಿನಲ್ಲಿ ಕಳಿಸಿದ ಒಂಟೆಯ ವಿಡಿಯೊವನ್ನು ದಿನಕ್ಕೆ ಹತ್ತು ಸಲ ಹಾಕಿಸಿಕೊಳ್ಳುತ್ತಿದ್ದಳು. ಈ ಪ್ರವಾಸದ ಮಾತು ಮೊದಲು ಎದ್ದಾಗ ಅದು ಮೂವರ ಪ್ರವಾಸವಾಗಿತ್ತು. ಹೋದ ಮಳೆಗಾಲದಲ್ಲಿ ಮಿಸ್ಬಾಗೆ ಜ್ವರ ಬಂತು. ಆರನೆಯ ದಿನ ಗದಗಿನ ದವಾಖಾನೆಯಲ್ಲಿ ತೀರಿಕೊಂಡಳು. ನಾಲ್ಕು ವರ್ಷ ಮೂರು ತಿಂಗಳು. ಮಣ್ಣು ಅದೇ ದಿನ ಸಂಜೆ ಆಯಿತು. ಅಲ್ತಮಶ ಅದನ್ನು ಕಂಡದ್ದು ಯಾರೋ ಎತ್ತಿ ಹಿಡಿದ ಫೋನಿನಲ್ಲಿ. ನಡುವೆ ಎರಡು ಸಲ ಚಿತ್ರ ನಿಂತುಹೋಯಿತು. ಹನ್ನೆರಡು ದಿನದ ಮೇಲೆ ಅಂಚೆಯವನು ಮಿಸ್ಬಾಳ ಪಾಸ್‌ಪೋರ್ಟ್ ತಂದುಕೊಟ್ಟ.

ಅವನಿಗೆ ಊರಿಗೆ ಬರುವಷ್ಟು ರಜೆ ಸಿಗದೆ, ಅಂದಿನಿಂದ ಗಂಡ ಹೆಂಡತಿ ಒಬ್ಬರನ್ನೊಬ್ಬರು ಮುಟ್ಟಿಲ್ಲ. ಫೋನಿನಲ್ಲಿ ಮಾತು ಮಗಳ ಕಡೆ ತಿರುಗಿದರೆ ಯಾರಾದರೊಬ್ಬರು ಸಿಗ್ನಲ್ ಇಲ್ಲ ಎನ್ನುತ್ತಿದ್ದರು. ಹಾಗಾಗಿ ಅವರು ದೋಣಿ ಎಷ್ಟಕ್ಕೆ ಹೊರಡುತ್ತದೆ, ಸಮುದ್ರಕ್ಕೆ ಯಾವ ಬಸ್ಸು ಎಂಬುದನ್ನೇ ಐದು ತಿಂಗಳು ಮಾತಾಡಿದರು. ಅಳುವುದಕ್ಕೆ ಎದುರಾಬದುರು ಕೂಡಬೇಕೆಂದು ಇಬ್ಬರೂ ಬಾಯಿ ಬಿಡದೆ ಒಪ್ಪಿಕೊಂಡಿದ್ದರು.

“ಏನವಾ, ತೋಳ ಕೂಡಸೂದು ಬಿಟ್ಟು ದುಬೈಗೆ ಹೋಗಿ ಬಂದ್ಯೇನ?” ಜಂಪರಿಗೆ ಕಾದು ಕುಳಿತಿದ್ದ ನೀಲವ್ವ ನಕ್ಕಳು. “ಅಲ್ಲೆ ಹೋದಮ್ಯಾಲೆ ಒಂಟಿ ಮ್ಯಾಲ ಕುಂತು ಒಂದು ಫೋಟೋ ಕಳಸ. ನಮ್ಮ ಮನಿಯವ್ರಿಗೆ ತೋರಸ್ತೀನಿ. ಅವ್ರು ನನ್ನ ಗದಗಿನ ಆಚೀಕ ಕರಕೊಂಡು ಹೋಗಿಲ್ಲ.”

“ಕಳಸ್ತೀನ್ರಿ,” ಅಂದಳು ಇಷ್ರತ.

ಅವತ್ತೇ ಮಧ್ಯಾಹ್ನ ಅವಳು ಪ್ರಭುಲಿಂಗಪ್ಪನ ಅಂಗಡಿಗೆ ಹೋದಳು. ಅವನು ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು ಮೇಜಿನ ಮೇಲಿಟ್ಟು ನೋಡಿದ.

“ನಂದ ತಪ್ಪಾತೇನ ತಂಗಿ? ಹಬ್ಬ ಅಂದ್ರ ಎಲ್ಲಾ ಕಡೆ ಒಂದ ದಿನ ಅಂದ್ಕೊಂಡಿದ್ದೆ.”

“ನಿಮ್ಮದಲ್ಲರಿ ಅಣ್ಣಾರ. ನನಗ ಗೊತ್ತಿತ್ತು.”

ಅವನು ಹುಡುಕಿ ಹೇಳಿದ: ಶನಿವಾರದ ವಿಮಾನದಲ್ಲಿ ಸೀಟು ಇದೆ, ಬದಲಾಯಿಸಬಹುದು. ಆದರೆ ಶುಕ್ರವಾರ ಸಂಜೆಯೇ ಊರು ಬಿಡಬೇಕು. ಅಂದರೆ ಹಬ್ಬದ ದಿನ ರೋಣದಲ್ಲಿ ಇರುವಂತಿಲ್ಲ.

ಅಡ್ಡಿ ಇದ್ದದ್ದು ಅಲ್ಲಿ. ಸಾವಾದ ಮನೆಯಲ್ಲಿ ಬರುವ ಮೊದಲ ಹಬ್ಬಕ್ಕೆ ಹಾಲು–ಶಾವಿಗೆಯ ಸುರಕುಂಬಾ ಕುದಿಸುವುದಿಲ್ಲ. ಬಳಗದವರೇ ಡಬ್ಬಿಯಲ್ಲಿ ತರುತ್ತಾರೆ. ಸತ್ತವರ ಹತ್ತಿರದವರ ಬಾಯಿಗೆ ಒಂದು ಚಮಚ ಇಟ್ಟು ದುಃಖ ಬಿಡಿಸುತ್ತಾರೆ. ಯಾವಗಲ್ಲಿನಿಂದ, ಶಿರೋಳದಿಂದ, ಲಕ್ಕಲಕಟ್ಟಿಯಿಂದ ಬರುವವರು ಬರುವುದು ಇಷ್ರತಳಿಗಾಗಿ.

ಅತ್ತೆ ಕಾಶೀಂಬಿ ಸಂಜೆ ರೋಜಾ ಬಿಡುವುದಕ್ಕೆ ಖರ್ಜೂರ ಬಿಡಿಸುತ್ತಿದ್ದಳು. ಇಷ್ರತ ವಿಷಯ ಹೇಳಿದಳು.

“ತಾಯಿನ ಇಲ್ಲದ ಮನಿಗೆ ಬಂದು ಅವ್ರು ಯಾರ ಬಾಯಾಗ ಇಡಬೇಕ?” ಅಂದಳು ಕಾಶೀಂಬಿ. ದನಿಯಲ್ಲಿ ಸಿಟ್ಟಿರಲಿಲ್ಲ.

“ದುಬೈದಾಗ ನಿಮ್ಮ ಮಗನ ಬಾಯಾಗ ಇಡಾವ್ರು ಯಾರದಾರ ಅಮ್ಮಾ?”

ಕಾಶೀಂಬಿ ಒಂದು ಖರ್ಜೂರದ ಬೀಜ ತೆಗೆದು ತಟ್ಟೆಯ ಅಂಚಿಗಿಟ್ಟಳು. “ನನ್ನ ಮಗಾನ ಅಂವ. ನನಗ ತಿಳೀದೇನ? ಆದ್ರ ಕೂಸಿನ ಮೊದಲ ಹಬ್ಬ ಬಿಟ್ಟು ತಾಯಿ ದುಬೈ ನೋಡಾಕ ಹೋದ್ಲು ಅಂತಾರ. ಅದನ್ನ ನೀ ಜನ್ಮ ಪೂರಾ ಕೇಳಬೇಕಾಗ್ತದ. ನಾ ಇರೂದು ಎಷ್ಟ ದಿನ, ನಿನ್ನ ಪರವಾಗಿ ಜಗಳಾಡಾಕ?”

ಇಷ್ರತ ಟಿಕೆಟು ಬದಲಾಯಿಸಲಿಲ್ಲ.

ಒಂದು ದಾರಿ ಉಳಿದಿತ್ತು. ತಿಂಗಳು ಇಪ್ಪತ್ತೊಂಬತ್ತಕ್ಕೂ ಮುಗಿಯಬಹುದು, ಮೂವತ್ತಕ್ಕೂ ಮುಗಿಯಬಹುದು. ದುಬೈಯಲ್ಲಿ ಇಪ್ಪತ್ತೊಂಬತ್ತನೇ ದಿನ, ಮುಂದಿನ ವಾರದ ಗುರುವಾರ ಸಂಜೆ, ಚಂದ್ರ ಕಾಣದೆ ಮೂವತ್ತು ತುಂಬಿದರೆ ಅಲ್ಲಿಯೂ ಹಬ್ಬ ಶನಿವಾರಕ್ಕೆ ಬರುತ್ತಿತ್ತು. ಹಾಕಿದ ಲೆಕ್ಕವೆಲ್ಲ ಸರಿಹೋಗುತ್ತಿತ್ತು. ಓಣಿಯ ಹೆಂಗಸರು ಈ ಸಲ ಲಗೂ ಚಂದ್ರ ಕಂಡರೆ ಸಾಕೆನ್ನುವಾಗ, ಇಷ್ರತ ಐದು ಹೊತ್ತಿನ ನಮಾಜಿನಲ್ಲೂ ಗುರುವಾರ ದುಬೈಯಲ್ಲಿ ಚಂದ್ರ ಕಾಣದಿರಲಿ ಎಂದು ಬೇಡಿದಳು. ಹಾಗೆ ಬೇಡುವುದು ತಪ್ಪೇ ಎಂದು ಯಾರನ್ನೂ ಕೇಳಲಿಲ್ಲ. ಅಲ್ತಮಶ ಸೋಮವಾರದ ರಜೆಗೆ ಮೇಲ್ವಿಚಾರಕನನ್ನು ಕೇಳಿದ. ಸೋಮವಾರ ಸ್ಲ್ಯಾಬ್ ಹಾಕುವುದಿದೆ, ಆಗುವುದಿಲ್ಲ ಎಂಬ ಉತ್ತರ ಬಂತು.

ಆ ಗುರುವಾರ ಸಂಜೆ ರೋಣದಲ್ಲಿ ರೋಜಾ ಬಿಟ್ಟು ಒಂದೂವರೆ ತಾಸಾಗಿತ್ತು. ಫೋನು ಬಂತು.

“ಕಂಡಾನ,” ಅಂದ ಅಲ್ತಮಶ. ಹಿಂದೆ ಕೋಣೆಯ ಉಳಿದ ಏಳು ಜನ ಕೂಗಾಡುತ್ತಿದ್ದರು, ಯಾರೋ ತಟ್ಟೆ ಬಡಿಯುತ್ತಿದ್ದರು.

“ಖರೇನ?”

“ಖರೇನ ಕಂಡಾನ, ಇಷ್ರತ.” ಅವನೇ ಮುಂದುವರಿಸಿದ: “ಮಿಸ್ಬಾ ಇದ್ದಿದ್ರ ಈಗ ಕುಣೀತಿದ್ಲು.”

ಎಂಟು ತಿಂಗಳಲ್ಲಿ ಮೊದಲ ಸಲ ಅವನ ಬಾಯಲ್ಲಿ ಆ ಹೆಸರು. ಇಷ್ರತ ಈ ಸಲ ಸಿಗ್ನಲ್ಲಿನ ಮಾತು ಎತ್ತಲಿಲ್ಲ. ಹ್ಞೂಂ ಅಂದಳು. ಆಮೇಲೆ ಇಬ್ಬರೂ ಫೋನು ಇಡಲಿಲ್ಲ. ಕಾಶೀಂಬಿ ಬಾಗಿಲ ತನಕ ಬಂದು ಸೊಸೆಯ ಮುಖ ನೋಡಿ ಹಿಂದಕ್ಕೆ ಹೋದಳು.

ರೋಣದಲ್ಲಿ ಚಂದ್ರ ಕಂಡದ್ದು ಶುಕ್ರವಾರ. ಶನಿವಾರ ಬೆಳಿಗ್ಗೆ ಒಂಬತ್ತರಿಂದ ಜನ ಬಂದರು. ಯಾವಗಲ್ಲಿನವರು ಟ್ರ್ಯಾಕ್ಟರಿನಲ್ಲಿ, ಉಳಿದವರು ಬಸ್ಸಿನಲ್ಲಿ. ಹನ್ನೊಂದು ಡಬ್ಬಿ ಸುರಕುಂಬಾ. ಪ್ರತಿಯೊಬ್ಬರೂ ಒಂದು ಚಮಚ ಇಟ್ಟರು, ಪ್ರತಿಯೊಬ್ಬರ ಹೆಗಲ ಮೇಲೂ ಅವಳು ಅತ್ತಳು. ಕೊನೆಯ ಡಬ್ಬಿಯನ್ನು ತೆರೆಯಗೊಡದೆ ಕಾಶೀಂಬಿ ಬಟ್ಟೆಯಲ್ಲಿ ಸುತ್ತಿ ಸೊಸೆಯ ಚೀಲದಲ್ಲಿಟ್ಟಳು. ನಾಳೆಗೆ ಹಾಲು ಕೆಡುತ್ತದೆಂದು ಮೂವರು ಹೇಳಿದರು. “ಕೆಡಲಿ,” ಅಂದಳು ಕಾಶೀಂಬಿ.

ಮಧ್ಯಾಹ್ನ ಇಷ್ರತ ಹುಬ್ಬಳ್ಳಿಯ ಬಸ್ಸು ಹತ್ತಿದಳು. ವಿಮಾನ ರವಿವಾರ ಮಧ್ಯಾಹ್ನ ಒಂದು ಗಂಟೆಗೆ ದುಬೈಯಲ್ಲಿ ಇಳಿಯುತ್ತದೆ. ಅಲ್ತಮಶನನ್ನು ಕೆಲಸಕ್ಕೆ ಒಯ್ಯುವ ಕಂಪನಿಯ ಬಸ್ಸು ಸೋಮವಾರ ನಸುಕಿನ ನಾಲ್ಕೂವರೆಗೆ ಹೊರಡುತ್ತದೆ.