ಡಾಕ್ಟರಿಗೊಂದು ಎಡೆ

ಹಲಗೂರಿನ ಆಸ್ಪತ್ರೆಯಲ್ಲಿ ಒಬ್ಬ ಆಯಮ್ಮ ಇದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದು, ನರಳುವವರ ಹಣೆಯ ಮೇಲೆ ಅಂಗೈಯಿಟ್ಟು, "ವಾಸಿಯಾಯ್ತದೆ ಬುಡು" ಎನ್ನುವಳು. ಡಾಕ್ಟರು ಸೂಜಿ ಚುಚ್ಚುವ ಮೊದಲೇ ಅರ್ಧ ನೋವು ಇಳಿಯುತ್ತಿತ್ತು.

ವರ್ಗವಾದರೂ ಬೇಡವೆಂದು ಇಲ್ಲೇ ಉಳಿದಿದ್ದ ಆ ಡಾಕ್ಟರು ತೀರಿಕೊಂಡ ಮೇಲೆ, ಆಸ್ಪತ್ರೆಗೆ ಅವರದೇ ಹೆಸರಿಡಬೇಕೆಂದು ಊರವರು ಹಟ ಹಿಡಿದರು. ಎಪ್ಪತ್ತರ ದಶಕದ ಕೊನೆಗೆ ಹೆಸರಿನ ಕಲ್ಲೂ ಬಂತು. ಅದಕ್ಕೆ ಹಾರ ಹಾಕಿದ ಪಂಚಾಯ್ತಿ ಚೇರ್ಮನ್ನರು, "ಡಾಕ್ಟ್ರಿಗೆ ಮಕ್ಕಳಿಲ್ದಿದ್ರೇನು, ಎಸ್ರು ಉಳೀತು ಕಣಮ್ಮ" ಎಂದರು.

"ಎಸ್ರು ಉಳೀತು ಸ್ವಾಮಿ. ಎಡೆ ಇಕ್ಕೋರ್ ಯಾರು?" ಎಂದಳು ಆಯಮ್ಮ.

ಸತ್ತವರಿಗೆ ವರ್ಷಕ್ಕೊಮ್ಮೆ ಎಡೆಯಿಡುವುದು ಮಕ್ಕಳ ಕೆಲಸವಲ್ಲವೇ?

ಆ ವರ್ಷದ ಮಹಾಲಯ ಅಮಾವಾಸ್ಯೆಯಂದು, ಊರೆಲ್ಲ ತಂತಮ್ಮ ಹಿರಿಯರಿಗೆ ಎಡೆಯಿಡುತ್ತಿದ್ದಾಗ, ಅವಳು ಆ ಕಲ್ಲಿನ ಮುಂದೆ ಬಾಳೆಲೆ ಹಾಸಿ ಅನ್ನ, ಬೇಳೆಸಾರು, ಪಾಯಸ ಬಡಿಸಿದಳು.

"ಬಾಡಿಲ್ವೇನಮ್ಮ?" ಎಂದು, ಎಲೆಯಲ್ಲಿ ಮಾಂಸವಿಲ್ಲದ್ದು ಕಂಡು, ಅಲ್ಲೇ ನಿಂತಿದ್ದ ನಾನು ಕೆಣಕಿದೆ.

"ಬಾಡಿನೆಡೆ ನಮ್ಮನೆ ಇರೀಕರಿಗೆ ಕಣಪ್ಪ. ಇವ್ರು ಬಾಡು ತಿನ್ನೋರಲ್ಲ. ಅದ್ಕೆ ಒಸ ಮಡಕೇಲಿ ಬೇಯಿಸಿವ್ನಿ."

ಆಮೇಲೆ ನನ್ನನ್ನು ಮರೆತವಳಂತೆ ಕಲ್ಲಿನ ಕಡೆ ತಿರುಗಿ, ಮೆಲ್ಲಗೆ ಹೇಳಿದಳು: "ಇವತ್ತು ಯಾರೂ ಚೀಟಿ ಇಡ್ಕೊಂಡು ನಿಂತಿಲ್ಲ. ನಿಧಾನಕ್ಕೆ ಉಣ್ಣಿ ಸ್ವಾಮಿ."