ಬಾಯಿ ಕಟ್ಟಿದ ಗಂಟೆ

ಅಕ್ರಾದ ನಮ್ಮ ಶಾಸನಸಭೆಯಲ್ಲಿ ಆಗ, ಬಿಳಿಯರ ಆಳ್ವಿಕೆಯ ಕೊನೆಗಾಲದಲ್ಲಿ, ಮಂತ್ರಿಗಳಿದ್ದರು, ವಿಗ್ ತೊಟ್ಟ ಅಧ್ಯಕ್ಷರಿದ್ದರು, ಬೆಳ್ಳಿಯ ದಂಡ ಹೊತ್ತುಕೊಂಡು ಮುಂದೆ ನಡೆಯುವ ಒಬ್ಬ ದಢೂತಿಯೂ ಇದ್ದ. ಆದರೆ ಇಷ್ಟೂ ಜನರನ್ನು ಊಟದ ಮಧ್ಯೆ ಎಬ್ಬಿಸಿ ಓಡಿಸುವ ಅಧಿಕಾರ ಇದ್ದದ್ದು ಒಬ್ಬನಿಗೇ. ಅವನು ಗಂಟೆಯ ಒಕೈಟೆ. ಸಂಬಳದ ಪಟ್ಟಿಯಲ್ಲಿ ಅವನ ಹೆಸರು ಹೆಚ್ಚುಕಡಿಮೆ ಎಲ್ಲರಿಗಿಂತ ಕೆಳಗೆ, ಕಸ ಗುಡಿಸುವವನಿಗಿಂತ ಒಂದೇ ಮೆಟ್ಟಿಲು ಮೇಲೆ. ನನಗೆ ಚೆನ್ನಾಗಿ ಗೊತ್ತು, ಆ ಪಟ್ಟಿ ಟೈಪ್ ಮಾಡುತ್ತಿದ್ದವಳೇ ನಾನು.

ಸಭೆಯಲ್ಲಿ ‘ಹೌದು’, ‘ಇಲ್ಲ’ ಎಂಬ ಕೂಗುಗಳಿಂದ ತೀರ್ಮಾನ ಆಗದೆ ಹೋದರೆ ತಲೆ ಎಣಿಸಬೇಕು. ಎಣಿಸುವುದಕ್ಕೆ ಮುಂಚೆ ಹೊರಗಿದ್ದವರನ್ನು ಕರೆಯಬೇಕು. ಮೇಜಿನ ಮೇಲಿದ್ದ ಮರಳಿನ ಗಡಿಯಾರವನ್ನು ತಲೆಕೆಳಗು ಮಾಡಿದರೆ ಮೂರು ನಿಮಿಷ. ಅಷ್ಟರಲ್ಲಿ ಒಕೈಟೆ ಕೈಗಂಟೆ ಹಿಡಿದು ಜಗಲಿ, ಅಂಗಳ, ಪುಸ್ತಕದ ಕೋಣೆ ಎಲ್ಲ ಸುತ್ತಬೇಕು. ಮರಳು ಇಳಿದ ಕೂಡಲೇ ಬಾಗಿಲು ಬಂದ್. ಎರಡನೆಯ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿದ್ದ ಮನುಷ್ಯ ಅವನು. ಅಲ್ಲಿನ ಇಂಡಿಯಾದ ಸಿಪಾಯಿಗಳಿಂದ ಕಲಿತದ್ದು ಎರಡೇ, ಮೀಸೆ ತಿರುವುವುದು ಮತ್ತು ‘ಜಲ್ದಿ, ಜಲ್ದಿ’ ಎನ್ನುವುದು. ಅಶಾಂಟಿ ಸೀಮೆಯ ಭಾರೀ ಶಾಲು ಹೊದ್ದ ಮುಖಂಡರು ಕೂಡ ಅವನ ‘ಜಲ್ದಿ’ಗೆ ಶಾಲು ಎತ್ತಿ ಹಿಡಿದು ಓಡುತ್ತಿದ್ದರು. ಅದನ್ನು ನೋಡಲೆಂದೇ ನಾನು ಟೈಪ್ ನಿಲ್ಲಿಸಿ ಕಿಟಕಿಗೆ ಬರುತ್ತಿದ್ದೆ.

ಈ ಗಂಟೆಗೆ ವರ್ಷದಲ್ಲಿ ಮೂವತ್ತು ದಿನ ಒಂದು ತೊಡಕು ಬರುತ್ತಿತ್ತು. ಹೊಮೊವೊ ಹಬ್ಬಕ್ಕೆಂದು ಪೂಜಾರಿಗಳು ಕಾಳು ಬಿತ್ತಿದ ಮೇಲೆ ನಮ್ಮ ಗಾ ಜನರಿಗೆ ಸದ್ದು ನಿಷೇಧ. ಡೋಲಿಲ್ಲ, ಗಂಟೆಯಿಲ್ಲ, ಚಪ್ಪಾಳೆಯಿಲ್ಲ, ಬೀದಿಯಲ್ಲಿ ಕೂಗುವಂತಿಲ್ಲ, ಸತ್ತವರ ಮುಂದೆ ಬೊಬ್ಬೆಯಿಟ್ಟು ಅಳುವಂತೆಯೂ ಇಲ್ಲ. ಮಣ್ಣಿನಡಿ ಕಾಳು ಮಲಗಿದೆ, ಎಬ್ಬಿಸಬಾರದು. ಎಬ್ಬಿಸಿದರೆ ಒಂದು ಕುರಿ, ಒಂದು ಬಾಟಲಿ ಮದ್ಯ ದಂಡ. ಆ ದಂಡ ಹಾಕುವ ಹಿರಿಯರ ಪೈಕಿ ಮುಂದಾಳು ಯಾರು? ಒಕೈಟೆಯ ಸ್ವಂತ ದೊಡ್ಡಪ್ಪ, ಊರೆಲ್ಲ ಗೌರವದಿಂದ ‘ಆಟಾ’ ಎಂದು ಕರೆಯುವ ಹಿರಿಯ, ಆಟಾ ಲಾರ್ಟೆ!

ಒಕೈಟೆ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದ. ಕಾಳು ಬಿತ್ತಿದ ದಿನ ತನ್ನ ಹಳೆಯ ಸಿಪಾಯಿ ಅಂಗಿಯ ಚಿಂದಿ ತಂದು ಗಂಟೆಯ ನಾಲಗೆಗೆ ಸುತ್ತಿ ಬಿಗಿಯಾಗಿ ಕಟ್ಟಿಬಿಡುತ್ತಿದ್ದ. ತಿಂಗಳೆಲ್ಲ ಅದನ್ನೇ ಹಿಡಿದು ಗಂಭೀರವಾಗಿ ಓಡಾಡುವುದು, ಎದುರು ಸಿಕ್ಕವರಿಗೆ “ಸಭೆ ಸೇರ್ತಾ ಇದೆ ಸ್ವಾಮಿ” ಎಂದು ಬಾಯಲ್ಲಿ ಹೇಳುವುದು. ಆ ತಿಂಗಳಲ್ಲಿ ಎಂದೂ ತಲೆ ಎಣಿಸುವ ಪ್ರಸಂಗ ಬಂದಿರಲಿಲ್ಲವಾದ್ದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. ನನ್ನ ಕೋಣೆಗೆ ಮಾತ್ರ ಇಣುಕಿ, “ಟಕಟಕ ತಂಗೀ, ನಿನ್ನ ಮಿಷನ್ನಿಗೂ ಒಂದು ಚಿಂದಿ ಕೊಡ್ಲಾ? ದೊಡ್ಡಪ್ಪ ಕೇಳಿಸಿಕೊಂಡ್ರೆ ಕುರಿ ಬಿಚ್ಚಿಸ್ತಾರೆ” ಎಂದು ಕಾಡುತ್ತಿದ್ದ.

ಯುದ್ಧ ಮುಗಿದು ಏಳನೆಯ ವರ್ಷ ಒಲೆ ಮಸೂದೆ ಬಂತು. ಮನೆಯಂಗಳದಲ್ಲಿ ಮೀನು ಹೊಗೆಯಾಡಿಸುವ ಮಣ್ಣಿನ ಒಲೆಗಳಿಂದ ಪಟ್ಟಣದ ಆರೋಗ್ಯ ಕೆಡುತ್ತದಂತೆ, ಎಲ್ಲವನ್ನೂ ಕೆಡವಬೇಕಂತೆ. ಮಸೂದೆ ತಂದವರು ಹಾರ್ಕೋರ್ಟ್ ಎಂಬ ವ್ಯಾಪಾರಿ ಸದಸ್ಯರು. ಅವರ ಬಂಗಲೆ ಸಮುದ್ರದ ಗಾಳಿ ಆ ಹೊಗೆಯನ್ನು ಹೊತ್ತು ಬೀಸುವ ದಿಕ್ಕಿಗಿತ್ತು ಎನ್ನುವುದು ಬೇರೆ ಮಾತು. ನಮ್ಮ ಮೀನುಗಾರರ ಕೇರಿ ಜೇಮ್ಸ್ ಟೌನಿನ ಹೆಂಗಸರ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ಒಕೈಟೆಯ ಹೆಂಡತಿ ಡೆಡೆಯ್‌ಗೆ ತಾಯಿಯ ಅಂಗಳದಲ್ಲಿ ಒಂಬತ್ತು ಒಲೆಗಳಿದ್ದವು. ಅವುಗಳ ಮೇಲೆ ಅವಳ ತಾಯಿ, ಇಬ್ಬರು ತಂಗಿಯರು, ನಾಲ್ಕು ಮಕ್ಕಳು ಬದುಕುತ್ತಿದ್ದರು. ಗಂಟೆ ಅಲ್ಲಾಡಿಸಿ ಬರುವ ಸಂಬಳ ಒಕೈಟೆಯ ಮೀಸೆಯ ಎಣ್ಣೆಗೇ ಸರಿಹೋಗುತ್ತದೆ ಎಂದು ಅವಳೇ ಹೇಳುತ್ತಿದ್ದಳು.

ನಮ್ಮಲ್ಲಿ ಗಂಡ ಹೆಂಡತಿ ಇರುವುದು ಬೇರೆ ಬೇರೆ ಮನೆಗಳಲ್ಲಿ; ಹೆಂಗಸರ ಮನೆಯಿಂದ ಗಂಡಸರ ಮನೆಗೆ ಸಂಜೆಯ ಊಟ ತಂದಿಟ್ಟು ಅವಳು ಕೇಳಿದಳಂತೆ: “ಏನ್ರೀ ಗಂಟೆ ಸಾಹೇಬ್ರೇ, ಅಷ್ಟು ದೊಡ್ಡವರ ಮಧ್ಯೆ ಓಡಾಡ್ತೀರಲ್ಲ, ಒಂದು ಮಾತು ಹೇಳೋಕಾಗಲ್ವಾ?”

“ನಾನು ಮಾತಾಡೋ ಹಾಗಿಲ್ಲ ಕಣೇ. ಬಾರಿಸೋದಷ್ಟೇ.”

“ಈ ತಿಂಗಳು ಅದೂ ಇಲ್ಲ! ಅಬ್ಬಾ, ಎಂಥ ಗಂಡನ್ನ ಕಟ್ಕೊಂಡೆ!”

ನಮ್ಮ ಪುಣ್ಯಕ್ಕೆ ಪಟ್ಟಣದ ಸದಸ್ಯರಾದ ನಾರ್ಟೆ ಒಂದು ತಿದ್ದುಪಡಿ ತಂದರು: ಈಗಾಗಲೇ ಇರುವ ಒಲೆಗಳನ್ನು ಮುಟ್ಟಬಾರದು. ಆ ಒಂದು ಸಾಲನ್ನು ಟೈಪ್ ಮಾಡಿ, ತಪ್ಪಿದೆಯೇ ಎಂದು ಮೂರು ಸಲ ಓದಿ ನೋಡಿದೆ. ನನ್ನ ಅತ್ತೆಯೂ ಮೀನಿನವಳೇ.

ಚರ್ಚೆ ನಡೆದದ್ದು ಶುಕ್ರವಾರ, ಸದ್ದಿಲ್ಲದ ತಿಂಗಳ ಹನ್ನೊಂದನೆಯ ದಿನ. ಮೇಲಿನ ಪ್ರೇಕ್ಷಕರ ಸಾಲಿನಲ್ಲಿ ಆಟಾ ಲಾರ್ಟೆ ಮತ್ತು ಹಿರಿಯರು ಕೂತಿದ್ದರು. ಒಳಗೆ ಜಾಗ ಸಿಗದ ಹೆಂಗಸರು ಎದುರು ರಸ್ತೆಯ ಬೇವಿನ ಮರಗಳ ಕೆಳಗೆ ನಿಂತಿದ್ದರು, ಡೆಡೆಯ್ ಎಲ್ಲರಿಗಿಂತ ಮುಂದೆ. ಗಲಾಟೆ ಮಾಡಬೇಡಿ ಎಂದು ಉಳಿದವರನ್ನು ಗದರಿಸುತ್ತಿದ್ದವಳೂ ಅವಳೇ. ಹಾರ್ಕೋರ್ಟ್ ಸಾಹೇಬರು ಹೊಗೆಯ ಬಗ್ಗೆ ಒಂದೂವರೆ ಗಂಟೆ ಮಾತಾಡಿದರು. ಆ ಮಾತು ತಡೆಯಲಾರದೆ ನಮ್ಮ ಕಡೆಯವರು ಒಬ್ಬೊಬ್ಬರೇ ಎದ್ದು ಹೊರಗೆ ಹೋದರು. ಜಾಣ ಮನುಷ್ಯ! ಅವರಿಗೆ ಬೇಕಾದದ್ದೂ ಅದೇ. ಬೆಂಚುಗಳು ಖಾಲಿಯಾದದ್ದನ್ನು ನೋಡಿಕೊಂಡು ತಟ್ಟನೆ ಕೂತರು. ಅಂದು ಅಧ್ಯಕ್ಷರ ಪೀಠದಲ್ಲಿ ಕೂತಿದ್ದ ಉಪಾಧ್ಯಕ್ಷರು ತಿದ್ದುಪಡಿಯನ್ನು ಮತಕ್ಕೆ ಹಾಕಿದರು. ಕೂಗಿನಲ್ಲಿ ಏನೂ ತಿಳಿಯಲಿಲ್ಲ. ತಲೆ ಎಣಿಸಿ ಎಂದು ನಾರ್ಟೆ ಎದ್ದು ನಿಂತರು. ಮರಳಿನ ಗಡಿಯಾರ ತಿರುಗಿತು.

ಒಕೈಟೆ ಗಂಟೆ ಎತ್ತಿಕೊಂಡು ಜಗಲಿಗೆ ಬಂದ. ನಾನು ಕಿಟಕಿಯಲ್ಲಿದ್ದೆ. ಚಿಂದಿ ಬಿಚ್ಚಿ ಬಾರಿಸಿದರೆ ಎಲ್ಲರೂ ಬರುತ್ತಾರೆ, ಆದರೆ ಕಾಳು ಎಬ್ಬಿಸಿದವನೆಂದು ಅವನ ಮನೆತನ ತಲೆ ತಗ್ಗಿಸಬೇಕು. ಬಾರಿಸದಿದ್ದರೆ ಒಂಬತ್ತು ಒಲೆ ಹೋದವು. ಅವನ ಕೈ ಗಂಟೆಯ ಒಳಗೆ ಹೋಯಿತು, ಗಂಟಿನ ತನಕ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಕೈ ಹೊರಗೆಳೆದು, ಬಾಯಿ ಕಟ್ಟಿದ ಗಂಟೆಯನ್ನೇ ತಲೆಯ ಮೇಲೆತ್ತಿ ಜಾಡಿಸುತ್ತಾ ಓಡತೊಡಗಿದ. ಅಯ್ಯೋ ದೇವರೇ, ಆ ಓಟ! ಬರ್ಮಾದಲ್ಲೂ ಹಾಗೆ ಓಡಿರಲಾರ.

“ತಲೆ ಎಣಿಸ್ತಾರೆ! ಜಲ್ದಿ! ಜಲ್ದಿ!” ಎಂದು ಸಿಕ್ಕ ಸಿಕ್ಕವರ ಕಿವಿಯಲ್ಲಿ ಪಿಸುಗುಟ್ಟಿದ.

ಒಬ್ಬನ ಬಾಯಿ ಎಷ್ಟು ಕಡೆ ಮುಟ್ಟೀತು? ಅಂಗಳದಲ್ಲಿ ಕೆಂಕಿ, ಅಂದರೆ ಜೋಳದ ಹುಳಿ ಹಿಟ್ಟಿನ ಉಂಡೆ, ಮಾರುತ್ತಿದ್ದ ಅಮರ್ಲೆ ಎಂಬ ದಪ್ಪ ಹೆಂಗಸು ಇದ್ದಳು. ಗಂಟೆ ಅಲ್ಲಾಡುತ್ತಿದೆ, ಸದ್ದಿಲ್ಲ. ಗಾ ಹೆಂಗಸಿಗೆ ಇನ್ನೇನು ಹೇಳಬೇಕು? ಒಂದೇ ಕ್ಷಣದಲ್ಲಿ ಅವಳಿಗೆ ಪೂರ್ತಿ ಅರ್ಥವಾಯಿತು. ಅವಳ ಮುಂದೆ ಏಳು ಜನ ಸದಸ್ಯರು ಹುಳಿ ಉಂಡೆಯನ್ನು ಹುರಿದ ಮೀನು, ಖಾರದ ಜೊತೆ ಚಪ್ಪರಿಸುತ್ತಿದ್ದರು. ಅವಳು ಏಳು ತಟ್ಟೆಗಳನ್ನೂ ಕಿತ್ತುಕೊಂಡಳು!

“ಏಯ್, ನನ್ನ ಮೀನು!”

“ಮೀನು ಬೇಕಾದ್ರೆ ಮೊದ್ಲು ಒಲೆ ಉಳಿಸ್ರಪ್ಪಾ! ಹೋಗ್ರೀ ಒಳಗೆ!”

ತನ್ನ ತಲೆವಸ್ತ್ರ ಬಿಚ್ಚಿ ರಸ್ತೆಯ ಕಡೆ ಬೀಸಿದಳು. ಬೇವಿನ ಮರದ ಹೆಂಗಸರು ಅದನ್ನು ನೋಡಿ ತಮ್ಮ ತಮ್ಮ ವಸ್ತ್ರ ಬೀಸಿದರು. ಸಮುದ್ರದ ಕಡೆ ಗಾಳಿಗೆ ಹೋಗಿದ್ದ ನಾಲ್ವರು, ಮರದಡಿ ಗೊರಕೆ ಹೊಡೆಯುತ್ತಿದ್ದ ಉತ್ತರದ ಮುಖಂಡರು, ಅರ್ಧ ಗಡ್ಡ ಕೆರೆಸಿಕೊಂಡಿದ್ದ ಒಬ್ಬರು, ಎಲ್ಲರನ್ನೂ ಹೆಂಗಸರು ತೋಳು ಹಿಡಿದು, ಬೆನ್ನು ತಳ್ಳಿ ಗೇಟಿನೊಳಗೆ ನೂಕಿದರು. ಇಷ್ಟೆಲ್ಲ ನಡೆದದ್ದು ಪಿಸುಮಾತಿನಲ್ಲಿ! ನಾನು ಕಿಟಕಿಯ ಸರಳು ಹಿಡಿದು ಮಕ್ಕಳ ಹಾಗೆ ಕುಣಿಯುತ್ತಿದ್ದೆ. ಕೊನೆಯ ಶಾಲಿನ ತುದಿ ಒಳಗೆ ಹೋಗುವುದಕ್ಕೂ ಬಾಗಿಲು ಮುಚ್ಚುವುದಕ್ಕೂ ಸರಿಹೋಯಿತು.

ಮೂವತ್ತನಾಲ್ಕು ಹೌದು. ಮೂವತ್ತೊಂದು ಇಲ್ಲ.

ಫಲಿತಾಂಶ ಘೋಷಿಸುವ ಮೊದಲೇ ಹಾರ್ಕೋರ್ಟ್ ಎದ್ದರು. “ನಿಯಮದ ಪ್ರಶ್ನೆ, ಅಧ್ಯಕ್ಷರೇ. ನಾನು ಬಾಗಿಲ ಪಕ್ಕದಲ್ಲೇ ಕೂತಿದ್ದೆ. ಗಂಟೆಯ ಸದ್ದು ಕೇಳಲಿಲ್ಲ. ಗಂಟೆ ಬಾರಿಸದೆ ಎಣಿಸಿದ ಮತ ಅಸಿಂಧು. ಸೋಮವಾರ ಮತ್ತೆ ಎಣಿಸಬೇಕು.” ಸೋಮವಾರ ಅಂದರೆ ಅಂದು ಸಭೆಗೇ ಬಾರದಿದ್ದ ಅವರ ಕಡೆಯವರೂ ಬರುತ್ತಾರೆ, ತಿದ್ದುಪಡಿಯ ಕಥೆ ಮುಗಿಯುತ್ತದೆ. ಒಕೈಟೆಯನ್ನು ಒಳಗೆ ಕರೆಸಿದರು. ನನಗೆ ತಡೆಯಲಾಗಲಿಲ್ಲ, ಯಾವುದೋ ಕಾಗದ ಹಿಡಿದುಕೊಂಡು ನಾನೂ ಹಿಂಬಾಗಿಲಲ್ಲಿ ನುಗ್ಗಿದೆ.

ಉಪಾಧ್ಯಕ್ಷರು ಕೇಪ್ ಕೋಸ್ಟಿನ ಮುದಿ ವಕೀಲರು. ಕನ್ನಡಕದ ಮೇಲಿನಿಂದ ನೋಡಿ, “ಏನಯ್ಯಾ, ಗಂಟೆ ಬಾರಿಸಿದೆಯೋ ಇಲ್ಲವೋ?” ಎಂದರು.

ಇಲ್ಲ ಎಂದರೆ ಒಲೆ ಹೋಯಿತು. ಹೌದು ಎಂದರೆ ಮೇಲೆ ದೊಡ್ಡಪ್ಪ ಕೂತಿದ್ದಾರೆ, ಕೈ ಕೋಲಿನ ಮೇಲೆ. ಒಕೈಟೆ ಒಮ್ಮೆ ಮೇಲೆ ನೋಡಿದ. ಒಮ್ಮೆ ಹಾರ್ಕೋರ್ಟರನ್ನು ನೋಡಿದ. ಆಮೇಲೆ ಸಿಪಾಯಿಯ ಹಾಗೆ ಅಟೆನ್ಷನ್ನಿಗೆ ಬಂದು, ಗಂಟೆ ಎತ್ತಿ, ಸಭೆಯ ನಡುವೆ ಜೋರಾಗಿ, ಮೈಯೆಲ್ಲ ಅಲುಗುವಂತೆ ಅಲ್ಲಾಡಿಸಿದ. ಒಂದು ಸದ್ದೂ ಇಲ್ಲ.

“ಹಿಂಗೇ ಬಾರಿಸಿದ್ದು ಸ್ವಾಮಿ” ಎಂದ. “ಇದಕ್ಕಿಂತ ಹೆಚ್ಚು ನಮ್ಮ ಊರಲ್ಲಿ ಈ ತಿಂಗಳು ಬಾರಿಸೋ ಹಾಗಿಲ್ಲ. ಕೈ ನೋಯೋ ಹಾಗೆ ಬಾರಿಸಿದೀನಿ. ಸುಳ್ಳು ಹೇಳಿದ್ರೆ ಕೆಲಸ ಕಿತ್ಕೊಳ್ಳಿ.”

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಉಪಾಧ್ಯಕ್ಷರು ಮಾತ್ರ ನಗಲಿಲ್ಲ. ನಿಯಮದ ಪುಸ್ತಕ ತೆರೆದು, ಬೆರಳಿಟ್ಟು, ತುಟಿ ಆಡಿಸುತ್ತ ಓದಿದರು. ಎಷ್ಟು ಹೊತ್ತು ಓದಿದರೋ! ಕೊನೆಗೆ ತಲೆಯೆತ್ತಿ ಹೇಳಿದರು: “ಗಂಟೆ ಬಾರಿಸಬೇಕು ಎಂದಿದೆ. ಯಾಕೆ ಬಾರಿಸಬೇಕು? ಸದಸ್ಯರು ಬರಲಿ ಎಂದು. ಆದ್ದರಿಂದ ಕೇಳುತ್ತೇನೆ. ಗಂಟೆ ಕೇಳಿಸದೆ ಹೊರಗೇ ಉಳಿದ ಮಾನ್ಯ ಸದಸ್ಯರು ಯಾರಾದರೂ ಈ ಸಭೆಯಲ್ಲಿದ್ದರೆ ದಯವಿಟ್ಟು ಎದ್ದು ನಿಲ್ಲಬೇಕು.”

ಎಲ್ಲರೂ ಅಕ್ಕಪಕ್ಕ ನೋಡಿಕೊಂಡರು. ಯಾರು ಏಳುತ್ತಾರೆ? ಹಾರ್ಕೋರ್ಟ್ ಅರ್ಧ ಎದ್ದವರು ಯೋಚಿಸಿ ಮತ್ತೆ ಕೂತರು.

“ಯಾರೂ ಇಲ್ಲ. ಮತ ಸಿಂಧು. ತಿದ್ದುಪಡಿ ಅಂಗೀಕಾರವಾಗಿದೆ.”

ನಾರ್ಟೆ ಜಗಲಿಗೆ ಓಡಿಬಂದು ಎರಡೂ ಕೈ ಎತ್ತಿದರು. ಆಗ ಬೇವಿನ ಮರದ ಕೆಳಗಿಂದ ಒಂದು ಕೂಗು ಎದ್ದಿತು ನೋಡಿ! ಕಿಟಕಿಯ ಗಾಜು ಅದುರಿತು, ಕಾಗೆಗಳು ಹಾರಿದವು. ಹನ್ನೊಂದು ದಿನ ಅಕ್ಕಪಕ್ಕದವರಿಗೆಲ್ಲ ‘ಶ್’ ಎಂದವಳು, ಮಕ್ಕಳ ಕೈಯಿಂದ ಡಬ್ಬಿ ಕಿತ್ತಿಟ್ಟವಳು, ನಮ್ಮ ಡೆಡೆಯ್! ಮೇಲಿನ ಸಾಲಿನಲ್ಲಿ ಆಟಾ ಲಾರ್ಟೆ ಕಣ್ಣು ಮುಚ್ಚಿಕೊಂಡರು. ಒಕೈಟೆ ನನ್ನ ಕಡೆ ತಿರುಗಿ, “ತಂಗೀ, ಅದು ನನ್ನವಳೇ ಅಲ್ವಾ?” ಎಂದ.

ಮಾರನೆಯ ಬೆಳಿಗ್ಗೆ ದೊಡ್ಡಪ್ಪನ ಅಂಗಳದಲ್ಲಿ ಪಂಚಾಯ್ತಿ. ಅರ್ಧ ಜೇಮ್ಸ್ ಟೌನ್ ಅಲ್ಲಿತ್ತು, ನಾನೂ ಇದ್ದೆ. ಮೊದಲು ಗಂಟೆ ತರಿಸಿ ಒಳಗೆ ಬೆರಳಾಡಿಸಿ ಚಿಂದಿ ಮುಟ್ಟಿ ನೋಡಿದರು. ಒಕೈಟೆಯದು ತಪ್ಪಿಲ್ಲ ಎಂದರು. ಆಮೇಲೆ ಡೆಡೆಯ್.

“ಕೂಗಿದ್ಯೇನಮ್ಮಾ?”

“ಕೂಗಿದೆ ಆಟಾ.”

“ನಿನಗೆ ಗೊತ್ತಿರಲಿಲ್ವಾ?”

“ನನಗೆ ಗೊತ್ತಿಲ್ದೆ ಇರುತ್ತಾ? ಗೊತ್ತಿತ್ತು. ನಮ್ಮಮ್ಮ ಮೆತ್ತಿದ ಒಲೆ ಉಳೀತು. ಈ ಮನುಷ್ಯ ಅಷ್ಟು ದೊಡ್ಡವರ ಮುಂದೆ ಒಂಟಿ ನಿಂತು ಒಲೇನೂ ಉಳಿಸಿದ, ನಿಮ್ಮ ಮಾನಾನೂ ಉಳಿಸಿದ. ಎದೆ ತುಂಬಿ ಬಂತು, ಬಾಯಿ ನನ್ನ ಮಾತು ಕೇಳಲಿಲ್ಲ.”

ಆಟಾ ಲಾರ್ಟೆ ಕೋಲು ಊರಿದರು. “ಸರಿ. ಆದ್ರೂ ಒಂದು ಕೂಗಿಗೆ ಒಂದು ಕುರಿ, ಒಂದು ಬಾಟಲಿ.”

“ಎರಡು ಕುರಿ ತಗೊಳ್ಳಿ ಆಟಾ” ಎಂದಳು ಅವಳು, “ನಂದಿನ್ನೂ ಮುಗಿದಿಲ್ಲ.”

ಹಾಗೆಂದವಳೇ ಗಂಡನ ಕಡೆ ತಿರುಗಿ, ಸೊಂಟದ ಮೇಲೆ ಕೈಯಿಟ್ಟು, ಸಮುದ್ರದಲ್ಲಿ ಬಲೆ ಎಳೆಯುತ್ತಿದ್ದವರಿಗೂ ಕೇಳುವ ಹಾಗೆ ಕೂಗಿದಳು: “ಒಕೈಟೇ!”

ಹಿರಿಯರೆಲ್ಲ ಕಿವಿ ಮುಚ್ಚಿಕೊಂಡರು. ಆಟಾ ಲಾರ್ಟೆ ಮುಖವನ್ನು ಶಾಲಿನಲ್ಲಿ ಮುಚ್ಚಿಕೊಂಡರು, ಆದರೆ ಅವರ ಭುಜ ಕುಲುಕುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡೆ.

ಮಧ್ಯಾಹ್ನದೊಳಗೆ ಎರಡೂ ಕುರಿಗಳನ್ನು ಒಕೈಟೆಯೇ ಹಗ್ಗ ಹಿಡಿದು ಎಳೆದುಕೊಂಡು ಬಂದ. ಒಂದೇ ಬೀದಿಯಲ್ಲಿ ಬರಬಹುದಿತ್ತು, ಮೂರು ಬೀದಿ ಸುತ್ತಿ ಬಂದ. ಎರಡನೆಯದು ಯಾತಕ್ಕಯ್ಯಾ ಎಂದು ಕೇಳಿದವರಿಗೆಲ್ಲ ನಿಂತು ಹೇಳುತ್ತಿದ್ದ: “ಇದಾ? ಇದು ನನ್ನ ಹೆಂಡತಿ ನನ್ನ ಹೆಸರು ಕೂಗಿದ್ದಕ್ಕೆ.”