ಶಿಡ್ಲಘಟ್ಟದ ಶೈಲಜಾ ಕಟ್ಟುವ ಗಂಟು

ರೇಷ್ಮೆ ನೂಲು ಬಿಚ್ಚುವ ಘಟಕಗಳಿಗೆ ತೂಕದ ತಂತ್ರಾಂಶ ಮಾಡಿಕೊಟ್ಟ ಕಚೇರಿಯವರಿಗೆ ಶಿಡ್ಲಘಟ್ಟದ ಸಭೆಯೊಂದರಲ್ಲಿ ಸನ್ಮಾನವಾಯಿತು. ಆ ಕಚೇರಿಯಲ್ಲಿ ಕೆಲಸ ಮಾಡುವವರು ಐವರು. ವೇದಿಕೆಗೆ ಕರೆದದ್ದು ನಾಲ್ವರನ್ನು. ಐದನೆಯವರು ಶೈಲಜಾ. ಹಿಂದಿನ ಸಾಲಿಗೆ ಕುರ್ಚಿ ಕಮ್ಮಿ ಬಿದ್ದಿವೆ, ತಂದು ಹಾಕಮ್ಮ ಎಂದು ಅವರಿಗೆ ಹೇಳಿದರು. ಅವರು ತಂದು ಹಾಕಿದರು.

ಶಿಡ್ಲಘಟ್ಟದಲ್ಲಿ ಸೂರ್ಯನಿಗಿಂತ ಮೊದಲು ಏಳುವುದು ಒಲೆಗಳು. ಗೂಡು ಬೇಯಿಸುವ ನೀರಿಗೆ ಉರಿ ಬಿದ್ದು, ಬೆಂದ ಹುಳುವಿನ ವಾಸನೆ ಬೀದಿಗಿಳಿಯುವ ಹೊತ್ತಿಗೆ ನೂಲಿನ ಅಂಗಡಿಯೊಂದರ ಮೇಲಿನ ಕಚೇರಿಯ ಕೋಣೆಯಲ್ಲಿ ದೀಪ ಹತ್ತುತ್ತದೆ. ಶೈಲಜಾ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಪ್ಲಾಸ್ಟಿಕ್ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು ಕಂಪ್ಯೂಟರ್ ಹಾಕುತ್ತಾರೆ. ಪಕ್ಕದಲ್ಲಿ ಇನ್ನೊಂದು ಕುರ್ಚಿ. ಚಕ್ರದ್ದು, ತಲೆ ಒರಗಿಸಲು ದಿಂಬು ಇರುವಂಥದ್ದು. ಅದು ಪ್ರೋಗ್ರಾಂ ಬರೆಯುವ ಮೌನಿಕಾ ಅವರದ್ದು. ಬೆಳಬೆಳಗ್ಗೆ ಆ ಕಡೆ ನೋಡಬಾರದು ಎಂದುಕೊಂಡೇ ಶೈಲಜಾ ದಿನಾ ಒಮ್ಮೆ ನೋಡುತ್ತಾರೆ.

“ಕೂತ್ಕೊಂಡೂ ನೋಡಿದ್ದೀನಿ, ಸುಳ್ಳು ಯಾಕೆ ಹೇಳ್ಲಿ. ಒಂದ್ ಸುತ್ತು ತಿರುಗ್ದೆ. ಆಮೇಲೆ ಹೆಂಗಿತ್ತೋ ಹಂಗೇ ಇಟ್ಟೆ. ಆದ್ರೂ ಕಂಡುಹಿಡಿದುಬಿಟ್ಳು! ‘ಶೈಲಕ್ಕಾ, ನನ್ ಕುರ್ಚಿ ಯಾರೋ ತಗ್ಗಿಸಿದ್ದಾರೆ ಕಣಕ್ಕಾ’ ಅಂದ್ಳು. ಅಕ್ಕ ಅಂತೆ ಅಕ್ಕ. ನನಗಿಂತ ಮೂರೇ ತಿಂಗಳು ಚಿಕ್ಕೋಳು.”

ಶೈಲಜಾ ಮಾಡುವ ಕೆಲಸವನ್ನು ಊರಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳಲು ಅವರಿಗೆ ಸಂಕೋಚ. ಕಚೇರಿಯವರು ಬರೆದದ್ದು, ಅಳಿಸಿದ್ದು, ಮತ್ತೆ ತಿದ್ದಿದ್ದು ಎಲ್ಲವೂ ಯಾರು, ಯಾವಾಗ ಎಂಬುದರ ಸಮೇತ ಒಂದು ಉಗ್ರಾಣದಲ್ಲಿ ಉಳಿಯುತ್ತದೆ. ಅದಕ್ಕೆ ರೆಪೊ ಎನ್ನುತ್ತಾರೆ. ಉಗ್ರಾಣವನ್ನು ಹಾಗೇ ಎತ್ತಿ ಘಟಕಗಳಿಗೆ ಕೊಡುವಂತಿಲ್ಲ. ಅಲ್ಲಿ ಅರ್ಧಕ್ಕೆ ಬಿಟ್ಟ ಪ್ರಯತ್ನಗಳಿರುತ್ತವೆ, ಪರೀಕ್ಷೆಗೆಂದು ತುಂಬಿಸಿದ ಸುಳ್ಳು ತೂಕಗಳಿರುತ್ತವೆ, ಕಚೇರಿಯವರು ಒಬ್ಬರಿಗೊಬ್ಬರು ಬರೆದುಕೊಂಡ ಬೈಗುಳಗಳೂ ಇರುತ್ತವೆ. ಸಿದ್ಧವಾದ ಹಂತಕ್ಕೆ ಒಂದು ಗುರುತು ಇಟ್ಟು, ಆ ಗುರುತಿನಲ್ಲಿ ಇರುವಷ್ಟನ್ನೇ ಹೊರತೆಗೆದು, ಬೇಡದ್ದನ್ನು ಬಿಟ್ಟು, ಒಂದು ಜಿಪ್ ಫೈಲ್ ಮಾಡುವುದು ಶೈಲಜಾ ಕೆಲಸ. ಕಚೇರಿಯ ಭಾಷೆಯಲ್ಲಿ ಅದು ಆರ್ಕೈವ್. ಶೈಲಜಾ ಬಾಯಲ್ಲಿ ಗಂಟು.

ಗಂಟು ಕಟ್ಟಿದ ಮೇಲೆ ಅವರದೊಂದು ಕಟ್ಟುನಿಟ್ಟು ಇದೆ. ಘಟಕಗಳಲ್ಲಿ ಇರುವಂಥದ್ದೇ ಹಳೆಯ ಕಂಪ್ಯೂಟರ್ ಒಂದನ್ನು ಮೂಲೆಯಲ್ಲಿ ಇಟ್ಟುಕೊಂಡಿದ್ದಾರೆ. ಗಂಟನ್ನು ಮೊದಲು ಅದರಲ್ಲಿ ಬಿಚ್ಚಿ, ಒಂದು ಲಾಟು, ಅಂದರೆ ಒಬ್ಬ ರೈತ ತಂದ ಗೂಡಿನ ರಾಶಿ, ತೂಗಿದ ಹಾಗೆ ಮಾಡಿ, ಸರಿ ಬಂದರಷ್ಟೇ ಪೆನ್‌ಡ್ರೈವ್‌ಗೆ ಹಾಕುತ್ತಾರೆ. ನೆಟ್ ಸರಿಯಾಗಿ ಬಾರದ ಘಟಕಗಳಿಗೆ ಸ್ಕೂಟಿಯಲ್ಲಿ ತಾವೇ ಹೋಗಿ ಕೊಟ್ಟು ಬರುತ್ತಾರೆ. ಹೊರಗೆ ಹೋದ ಗಂಟಿನ ಗುರುತನ್ನು ಆಮೇಲೆ ಯಾರೂ ಜರುಗಿಸಕೂಡದು. ಇದು ಅವರು ಬಂದ ಮೇಲೆ ಆದ ರೂಢಿ.

“ಇವತ್ತು ಆ ಗುರುತಿಂದ ಕಟ್ಟಿದ್ರೂ ಅದೇ ಬರ್ಬೇಕು, ಮುಂದಿನ ವರ್ಷ ಕಟ್ಟಿದ್ರೂ ಅದೇ ಬರ್ಬೇಕು. ಇಲ್ಲಾಂದ್ರೆ ತೂಕ ತಪ್ಪಿದ ದಿನ ಯಾರನ್ನ ಹಿಡ್ಕೊಂಡು ಕೇಳೋಣ? ಒಳಗಡೆ ಬರೆದೋರ ಹೆಸರು ಗಂಟಿಗೆ ಬರಲ್ಲ. ಕಟ್ಟಿದೋಳ ಹೆಸರಂತೂ ಎಲ್ಲೂ ಇರಲ್ಲ ಬಿಡಿ.” ಕೊನೆಯ ಮಾತಿಗೆ ಅವರು ನಗುತ್ತಾರೆ. ಕಣ್ಣು ನಗುವುದಿಲ್ಲ.

ಶೈಲಜಾ ತಾಯಿ ಅಶ್ವತ್ಥಮ್ಮ ಇದೇ ಊರಿನ ಘಟಕವೊಂದರಲ್ಲಿ ಬಿಸಿ ನೀರಿಗೆ ಕೈಯಿಟ್ಟು ಗೂಡಿನ ಎಳೆ ಹುಡುಕುವವರು. ಆ ಬೆರಳುಗಳ ತುದಿ ಎಂದೋ ಬೆಳ್ಳಗಾಗಿ ಸುಕ್ಕುಗಟ್ಟಿದೆ. ಆ ಬೆರಳೇ ಮಗಳನ್ನು ಚಿಂತಾಮಣಿಯಲ್ಲಿ ಡಿಪ್ಲೊಮಾ ಓದಿಸಿತು. ಮೌನಿಕಾ ಓದಿದ್ದೂ ಅಲ್ಲೇ, ಅದೇ ತರಗತಿ, ಒಂದೇ ಬೆಂಚು. ಇಬ್ಬರೂ ಒಂದೇ ದಿನ ಈ ಕಚೇರಿಗೆ ಸಂದರ್ಶನಕ್ಕೆ ಬಂದರು. ಮಾಲೀಕ ವೇಣುಗೋಪಾಲ್ ಮೌನಿಕಾರನ್ನು “ನಿಮ್ಮ ತಂದೆ ಹೇಗಿದ್ದಾರಮ್ಮ?” ಎಂದು ವಿಚಾರಿಸಿದರು. ಶೈಲಜಾರನ್ನು “ನಿಮ್ಮದು ಯಾವ ಬೀದಿಯಮ್ಮ?” ಎಂದು ಕೇಳಿದರು. ಒಬ್ಬರಿಗೆ ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿತು. ಇನ್ನೊಬ್ಬರಿಗೆ “ಸದ್ಯಕ್ಕೆ ಪ್ಯಾಕಿಂಗ್ ನೋಡ್ಕೊ” ಎಂದಾಯಿತು. ಆ ಸದ್ಯ ಇನ್ನೂ ಮುಗಿದಿಲ್ಲ. ಬೀದಿ ಕೇಳಿ ಕುರ್ಚಿ ಹಂಚುವವರು ಈ ನಾಡಿನಲ್ಲಿ ಕಂಪ್ಯೂಟರ್ ಬರುವ ಮುಂಚೆಯೂ ಇದ್ದರು. ಈಗ ಕುರ್ಚಿಗೆ ಚಕ್ರ ಬಂದಿದೆ, ಅಷ್ಟೇ.

ಹಾಗಾಗಿ ಶೈಲಜಾಗೆ ಹೊಟ್ಟೆಕಿಚ್ಚು. ಅದನ್ನವರು ಬಚ್ಚಿಡುವುದಿಲ್ಲ. ಮೌನಿಕಾ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್ ಕಂಡರೆ ಉರಿ. ಅವರ ಊಟದ ಡಬ್ಬಿ ಕಂಡರೆ ಉರಿ. ಸನ್ಮಾನದ ಫೋಟೊದಲ್ಲಿ ಶಾಲು ಹೊದ್ದು ಹಲ್ಲು ಬಿಟ್ಟ ಮೌನಿಕಾರ ಮುಖವನ್ನು ಶೈಲಜಾ ಮೊಬೈಲಿನಲ್ಲಿ ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ ನೋಡಿದ್ದಾರೆ. ಹಿಂದೆ, ಮಸುಕಾಗಿ, ಕುರ್ಚಿ ಹೊತ್ತ ತಮ್ಮದೇ ಕೈ ಕಂಡಿದೆ.

“ಪೋನೀಲೇಮ್ಮಾ, ಹೋಗ್ಲಿ ಬಿಡು,” ಅನ್ನುತ್ತಾರೆ ಅಶ್ವತ್ಥಮ್ಮ. “ಶಾಲು ಹೊದ್ಕೊಂಡು ಒಲೆ ಮುಂದೆ ಕೂತ್ಕೊಳಕ್ಕಾಗುತ್ತಾ?”

“ನಿಂಗೇನಮ್ಮ, ಯಾರು ಕೇಳಿದ್ರೂ ನೀನು ಗೂಡಿನ ಜೊತೆ ಹುಳಾನೂ ಬಿಟ್ಟುಕೊಡ್ತೀಯ,” ಎಂದು ಮಗಳು ರೇಗುತ್ತಾರೆ.

ಮತ್ಸರ ಕೆಟ್ಟದ್ದು ಎಂದು ಬೋಧಿಸುವವರು ಸಾಮಾನ್ಯವಾಗಿ ಕೂತಿರುತ್ತಾರೆ. ನಿಂತೇ ಇರಬೇಕಾದವರ ಹೊಟ್ಟೆಯಲ್ಲಿ ಅದು ಹುಟ್ಟದೇ ಇದ್ದರೆ ತಾನೆ ಆಶ್ಚರ್ಯ? ವೇಣುಗೋಪಾಲ್ ಒಳಗೆ ಬಂದಾಗ ಕಚೇರಿಯ ಉಳಿದ ನಾಲ್ವರಲ್ಲಿ ಯಾರೂ ಏಳುವುದಿಲ್ಲ. ಶೈಲಜಾ ಮಾತ್ರ ಏಳುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಕಾಲು ತಾನಾಗಿ ಏಳುತ್ತದೆ, ಆಮೇಲೆ ಅದರ ಮೇಲೂ ಅವರಿಗೆ ಸಿಟ್ಟು.

ಈ ತಿಂಗಳ ಮೊದಲಲ್ಲಿ ಮೌನಿಕಾ ಚಿಕ್ಕಪ್ಪನ ಮಗಳ ಮದುವೆಗೆಂದು ಗೌರಿಬಿದನೂರಿಗೆ ಹೋದರು. ಅದೇ ವಾರ ಶೈಲಜಾ ಜ್ವರ ಬಂದು ಒಂದು ದಿನ ಮಲಗಿದರು. ಘಟಕದವರು ತಂತ್ರಾಂಶದ ಹೊಸ ಆವೃತ್ತಿಯನ್ನು ಬೇಗ ಕೊಡಿ ಎಂದು ಅವಸರಪಡಿಸುತ್ತಿದ್ದರು. ಗುರುತು ಆಗಲೇ ಇಟ್ಟಾಗಿತ್ತು. ಅದರಿಂದ ಗಂಟು ಕಟ್ಟುವುದಷ್ಟೇ ಬಾಕಿ. ವೇಣುಗೋಪಾಲ್ ಕಾಯಲಿಲ್ಲ. ಮೌನಿಕಾರ ಕಂಪ್ಯೂಟರಿನಲ್ಲಿ ಕಂಡ ಫೋಲ್ಡರನ್ನು ಹಾಗೇ ಮೌಸ್ ಒತ್ತಿ ಜಿಪ್ ಮಾಡಿ ಎಲ್ಲರಿಗೂ ಕಳಿಸಿಬಿಟ್ಟರು. ಮೌನಿಕಾ ಮುಂದಿನ ಬಾರಿಗೆಂದು ಬರೆಯುತ್ತಿದ್ದ ಅರೆಬರೆ ಕೆಲಸ, ಪರೀಕ್ಷೆಯ ಸುಳ್ಳು ಹೆಸರುಗಳು, ಸುಳ್ಳು ತೂಕಗಳು, ಎಲ್ಲವೂ ಅದರಲ್ಲಿ ಹೋದವು.

ಮರುದಿನ ಬೆಳಗ್ಗೆ ಶೈಲಜಾ ಫೋನಿಗೆ ಮೊದಲು ಬಂದವರು ಘಟಕ ನಡೆಸುವ ಕೋನಪ್ಪ.

“ಏನಮ್ಮಾ, ನನ್ ಲಾಟು ಮಾರಿದ್ದು ಬೆಕ್ಕಾ?”

“ಏನಣ್ಣಾ ಅದು?”

“ಕಂಪ್ಯೂಟರಲ್ಲಿ ಬರ್ತೈತಲ್ಲಮ್ಮ! ರೈತರ ಹೆಸರು: ಪಕ್ಕದ್ಮನೆ ಬೆಕ್ಕು. ಅದರ ಕೆಳಗೆ ನಮ್ ವೆಂಕಟರವಣಪ್ಪನ ಗೂಡಿನ ತೂಕ. ಅವನು ಇಲ್ಲೇ ನಿಂತವ್ನೆ. ಏನು ಹೇಳ್ಲಿ ಅವನಿಗೆ, ಮ್ಯಾಂವ್ ಅನ್ಲಾ?”

ನಗುವ ಮಾತಾಗಿ ಅದು ಉಳಿಯಲಿಲ್ಲ. ಯಾರ ಗೂಡಿನ ತೂಕ ಯಾರಿಗೆ ಸೇರಿತು, ಯಾವ ಹೆಂಗಸು ಎಷ್ಟು ನೂಲು ತೆಗೆದಳು ಎಂಬುದೆಲ್ಲ ಕಲಸಿಹೋಯಿತು. ಎಳೆ ಹುಡುಕುವವರು ಕೈ ಒರೆಸಿಕೊಂಡು ಹೊರಗೆ ಬಂದು ನಿಂತರು. ಅವರಲ್ಲಿ ಅಶ್ವತ್ಥಮ್ಮನೂ ಇದ್ದರು. ಶೈಲಜಾ ಜ್ವರದ ಮೈಯಲ್ಲೇ ಕಚೇರಿಗೆ ಓಡಿ, ಸರಿಯಾದ ಗುರುತಿನಿಂದ ಗಂಟು ಕಟ್ಟಿ, ಮಧ್ಯಾಹ್ನದೊಳಗೆ ಘಟಕಗಳಿಗೆ ತಲುಪಿಸಿದರು. ಆದರೆ ಮಾರನೇ ದಿನ ಘಟಕದವರು ಸಭೆ ಕರೆದರು. ಇದು ಯಾರ ತಪ್ಪು? ಅವರನ್ನು ತೆಗೀತೀರೋ, ನಿಮ್ಮ ತಂತ್ರಾಂಶವನ್ನೇ ನಾವು ತೆಗೆಯೋಣವೋ?

ಸಭೆಯ ದಿನ ಬೆಳಗ್ಗೆ, ದೀಪ ಹತ್ತಿದ ಸ್ವಲ್ಪ ಹೊತ್ತಿಗೆ ವೇಣುಗೋಪಾಲ್ ಮೆಟ್ಟಿಲು ಹತ್ತಿ ಬಂದರು. ಮೌನಿಕಾ ಮದುವೆಯಿಂದ ಇನ್ನೂ ಬಂದಿರಲಿಲ್ಲ. ಶೈಲಜಾ ಎದ್ದು ನಿಂತರು.

“ಕೂತ್ಕೊ, ಕೂತ್ಕೊಮ್ಮ,” ಎಂದರು. ಹಾಗೆ ಅವರು ಹಿಂದೆಂದೂ ಅಂದದ್ದಿಲ್ಲ. ಶೈಲಜಾ ಕೂತರು. “ಒಂದು ಸಣ್ಣ ಕೆಲಸ. ಆ ಗುರುತು ಇದೆಯಲ್ಲ, ಅದನ್ನ ಎತ್ತಿ ಮೌನಿಕಾ ಮಾಡ್ತಿದ್ದ ಕೆಲಸದ ಮೇಲೆ ಇಡು. ಅಲ್ಲಿಂದ ಒಂದು ಆರ್ಕೈವ್ ತೆಗೆದು ಕೊಡು. ಸಭೇಲಿ ತೋರಿಸ್ತೀನಿ.”

“ತೋರಿಸಿದ್ರೆ?”

“ಬಿಡುಗಡೆಗೆ ಅಂತ ಅವಳು ಕೊಟ್ಟಿದ್ದೇ ಇದು, ತಪ್ಪು ಅವಳದ್ದೇ ಅಂತಾಗುತ್ತೆ. ಅವಳಪ್ಪ ಮಾತಾಡಿದ್ರೆ ನಾನು ನೋಡ್ಕೊಳ್ತೀನಿ. ಬೇರೆ ಕಡೆ ಕೆಲಸ ಸಿಗುತ್ತೆ ಅವಳಿಗೆ.” ಅವರು ಚಕ್ರದ ಕುರ್ಚಿಯನ್ನು ತಮ್ಮ ಕೈಯಿಂದಲೇ ತಳ್ಳಿಕೊಂಡು ಬಂದು ಶೈಲಜಾ ಮುಂದೆ ನಿಲ್ಲಿಸಿದರು. “ನಾಳೆಯಿಂದ ನೀನು ಪ್ರೋಗ್ರಾಂ ಬರಿ. ಇದು ನಿಂದೇ. ನಿನಗೆ ಅನ್ಯಾಯ ಆಗಿದೆ, ನಂಗೆ ಗೊತ್ತಿಲ್ವಾ?”

ಗೊತ್ತಿತ್ತಂತೆ! ಇಷ್ಟು ದಿನವೂ ಗೊತ್ತಿತ್ತಂತೆ.

ಶೈಲಜಾ ಕುರ್ಚಿಯನ್ನು ನೋಡಿದರು. ತಲೆದಿಂಬಿಗೆ ಮೌನಿಕಾರ ಒಂದು ಕೂದಲು ಸಿಕ್ಕಿಕೊಂಡಿತ್ತು. ಕೆಳಗೆ ಬೀದಿಯಲ್ಲಿ ಘಟಕಗಳ ಹೆಂಗಸರು ಮಾತಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

“ಅವಳನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ ಸಾರ್,” ಎಂದರು ಶೈಲಜಾ. “ಈಗ್ಲೂ ಉರೀತಿದೆ. ಈ ಕುರ್ಚಿ ನಂಗೆ ಬೇಕು. ಬಂದ ದಿನದಿಂದಲೂ ಬೇಕು.”

“ಮತ್ತೆ? ಬೇಗ ಮಾಡು.”

“ನೀವು ಕಳಿಸಿದ ಗಂಟು ನೀವು ಕಟ್ಟಿದ್ದು. ಅದನ್ನ ಅವಳ ತಲೆಗೆ ನಾನು ಕಟ್ಟಲ್ಲ.”

ವೇಣುಗೋಪಾಲ್ ಮುಖ ಬಿಗಿಯಿತು. ಅವರು ಮೇಜಿನ ಮೇಲೆ ಕೈಯೂರಿ ನಿಂತರು. ಶೈಲಜಾ ಕಾಲು ಅಭ್ಯಾಸಬಲದಿಂದ ನೆಲ ಒತ್ತಿತು. ಅವರು ಅದನ್ನು ತಡೆದು ಹಿಡಿದರು.

“ಶೈಲಜಾ, ಕೇಳಿಸ್ತಾ? ಗುರುತು ಎತ್ತು.”

“ಎತ್ತಲ್ಲ ಸಾರ್,” ಎಂದರು ಶೈಲಜಾ, ಪ್ಲಾಸ್ಟಿಕ್ ಕುರ್ಚಿಯಿಂದ ಏಳದೆ.